ಚುಕ್ಕಿ ಬಿದ್ದ ಜಾಗ, ಗೋಡೆ ಬಿದ್ದ ಜಾಗ

ಗೋಡೆ ಇನ್ನೂ ನಿಂತಿತ್ತು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

2019ರ ಆಗಸ್ಟ್ ತಿಂಗಳ ಕೊನೆ. ಮಲಪ್ರಭಾ ದಂಡೆಯ ಒಂದು ಊರು. ಹೊಳೆ ಊರೊಳಗೆ ಬಂದು ನಾಲ್ಕು ದಿನ ನಿಂತು, ತಿರುಗಿ ತನ್ನ ಪಾತ್ರಕ್ಕೆ ಹೋಗಿ ವಾರ ಕಳೆದಿತ್ತು. ಓಣಿ ತುಂಬ ಕೆಸರು, ಚೀಲದಲ್ಲೇ ಮೊಳಕೆಯೊಡೆದು ಕೊಳೆತ ಜೋಳದ ಹುಳಿ ವಾಸನೆ, ಕಟ್ಟೆಕಟ್ಟೆಯ ಮೇಲೂ ತೊಯ್ದ ಕೌದಿ. ಮನೆಹಾನಿ ಸಮೀಕ್ಷೆಗೆ ಬಂದ ತಂಡದ ಹಿಂದೆ ನಾನೂ ಹೊರಟಿದ್ದೆ. ತಲಾಟಿಯವರ ಕೈಲಿ ಮನೆಗಳ ಪಟ್ಟಿ, ಪಿಡಿಒ ಕೈಲಿ ಕೊಡೆ, ಇಪ್ಪತ್ತೈದರ ಆಸುಪಾಸಿನ ಎಂಜಿನಿಯರ್ ಹುಡುಗನ ಕೈಲಿ ಮೊಬೈಲು. ಮಳೆಗೆ ಹೆದರಿ ಅದನ್ನವನು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಕೊಂಡಿದ್ದ.

ಆ ಅಜ್ಜಿಯ ಮನೆ ಮುಂದೆ ಕಾಲಿಡುವಂತಿರಲಿಲ್ಲ. ಹುಡುಗ ಎದುರಿನವರ ದನದ ಕೊಟ್ಟಿಗೆಯ ಕಟ್ಟೆ ಹತ್ತಿ ಆ್ಯಪ್ ತೆರೆದ. ನೀಲಿ ಚುಕ್ಕಿ, ಅದರ ಸುತ್ತ ದೊಡ್ಡದೊಂದು ವೃತ್ತ, ಕೆಳಗೆ 38 ಮೀಟರ್ ಎಂಬ ಅಂಕಿ. "ಇಪ್ಪತ್ತರ ಒಳಗ ಬರೂತನಕಾ ಫೋಟೊ ತಗೊಳ್ಳಂಗಿಲ್ರಿ ಇದು" ಅಂದ. ನಾವೆಲ್ಲ ಸುಮ್ಮನೆ ನಿಂತೆವು. ಮೂವತ್ತೊಂದು, ಇಪ್ಪತ್ನಾಲ್ಕು, ಮತ್ತೆ ಇಪ್ಪತ್ತೊಂಬತ್ತು. ಅಜ್ಜಿಗೆ ತಾಳ್ಮೆ ಮುಗಿಯಿತು.

"ತಮ್ಮಾ, ಅಲ್ಲೇ ನಿಂತು ಏನ್ ನೋಡ್ತಿ? ಒಳಗ ಬಾ. ಗ್ವಾಡಿಗೆ ಕೈ ಹಚ್ಚಿ ನೋಡು, ಹಿಟ್ಟು ನಾದಿದಂಗ ಆಗೈತಿ."

"ಆಯಿ, ಒಳಗ ಬಂದ್ರ ಜಿಪಿಎಸ್ ಹತ್ತಂಗಿಲ್ರಿ."

ನಾನು ಒಳಗೆ ಹೋದೆ. ಗೋಡೆಗೆ ಬೆರಳು ಒತ್ತಿದರೆ ಮೊದಲ ಗೆಣ್ಣಿನವರೆಗೂ ಹೋಯಿತು. ಹೊರಗೆ ಅಷ್ಟೊತ್ತಿಗೆ ಅಂಕಿ ಹದಿನಾರಕ್ಕಿಳಿದಿತ್ತು, ಫೋಟೊ ಆಗಿತ್ತು. ಫೋಟೊದಲ್ಲಿ ಗೋಡೆ ನೆಟ್ಟಗಿತ್ತು, ಮಾಳಿಗೆಯ ಒಂದು ಮೂಲೆಯಷ್ಟೇ ಕುಸಿದಿತ್ತು. 'ಸಿ' ಕೆಟಗರಿ. ಗಣೇಶ ಚೌತಿಯ ಹೊತ್ತಿಗೆ ಎರಡು ದಿನ ಒಳ್ಳೆ ಬಿಸಿಲು ಬಿತ್ತು. ಚೌತಿಯ ಮರುದಿನ ರಾತ್ರಿ ಆ ಗೋಡೆ ಮಾಳಿಗೆಯನ್ನೂ ಕರೆದುಕೊಂಡು ಮಲಗಿತು. ಅಜ್ಜಿ ಮಗಳ ಮನೆಯಲ್ಲಿದ್ದಳು, ಬದುಕಿಕೊಂಡಳು.

ಮಣ್ಣಿನ ಮನೆಯ ಸ್ವಭಾವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನೀರು ನಿಂತಾಗ ಬುಡ ಕರಗುತ್ತದೆ. ಮೇಲೆ ತೊಲೆ, ಜಂತಿ, ಅವುಗಳ ಮೇಲೆ ಹರವಿದ ಮಣ್ಣು ಮಳೆ ಕುಡಿದು ಇಮ್ಮಡಿ ಭಾರವಾಗಿರುತ್ತದೆ. ಹಸಿ ಇರುವವರೆಗೆ ಗೋಡೆ ಹೇಗೋ ಅಂಟಿಕೊಂಡು ನಿಂತಿರುತ್ತದೆ. ಬಿಸಿಲು ಬಿದ್ದು ಒಣಗತೊಡಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹೊಳೆ ಇಳಿದ ಮೇಲೆ ಬೀಳುವ ಮನೆಗಳು ಹೊಳೆ ಇದ್ದಾಗ ಬಿದ್ದವುಗಳಿಗಿಂತ ಕಡಿಮೆಯೇನೂ ಇರುವುದಿಲ್ಲ ಎಂದು ದಂಡೆಯ ಊರುಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಮೊಬೈಲಿನ ಫೋಟೊಗೆ ಒಂದು ತಾರೀಖು, ಒಂದು ಗಳಿಗೆ, ಒಂದು ಅಕ್ಷಾಂಶ, ಒಂದು ರೇಖಾಂಶ. ಹಾನಿ ಹದಿನೈದು ದಿನ ನಡೆಯುತ್ತದೆ, ಫೋಟೊ ಒಂದು ಕ್ಷಣದಲ್ಲಿ ಮುಗಿಯುತ್ತದೆ.

ಆ ಚುಕ್ಕಿ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಮೊಬೈಲಿಗೆ ಜಾಗ ಹೇಳಿಕೊಡುವುದು ಇಂಟರ್‌ನೆಟ್ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಟವರು ಉರುಳಿಬಿದ್ದ ಊರಲ್ಲೂ ಜಿಪಿಎಸ್ ನಡೆಯುತ್ತದೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು 'ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ' ಎಂದು ಬಿಡದೆ ಸಾರುತ್ತಿರುತ್ತವೆ. ಆ ಮಾತು ತಲುಪಲು ಹಿಡಿದ ಹೊತ್ತನ್ನು ಲೆಕ್ಕಹಾಕಿ ಫೋನು ತನ್ನ ದೂರವನ್ನು ಕಂಡುಕೊಳ್ಳುತ್ತದೆ. ಮೂರು ಉಪಗ್ರಹ ಸಾಕಾಗಬೇಕಿತ್ತು. ಆದರೆ ಫೋನಿನೊಳಗಿನ ಗಡಿಯಾರ ಅಗ್ಗದ್ದು, ಅದರ ತಪ್ಪು ತಿದ್ದಲು ನಾಲ್ಕನೆಯದು ಬೇಕು. ಒಂದು ಮೈಕ್ರೊಸೆಕೆಂಡ್ ಆಚೀಚೆಯಾದರೆ ಜಾಗ 300 ಮೀಟರ್ ಸರಿದುಬಿಡುತ್ತದೆ.

ನೆಟ್‌ವರ್ಕ್ ಇದ್ದಾಗ ಯಾವ ಉಪಗ್ರಹ ಎಲ್ಲಿದೆ ಎಂಬ ಪಂಚಾಂಗ ಟವರಿನ ಮೂಲಕ ಒಂದೇ ಗುಟುಕಿಗೆ ಸಿಗುತ್ತದೆ. ನೆಟ್‌ವರ್ಕ್ ಇಲ್ಲದಾಗ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಅದೂ ಸೆಕೆಂಡಿಗೆ 50 ಬಿಟ್ ವೇಗದಲ್ಲಿ. ಪೂರ್ತಿ ಪಂಚಾಂಗ ಓದಿ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ಪ್ರವಾಹದ ಊರಲ್ಲಿ ಎಂಜಿನಿಯರುಗಳು ಫೋನು ಎತ್ತಿ ಹಿಡಿದು ಕಾಯುವುದರ ಹಿಂದಿನ ಒಂದು ಗುಟ್ಟು ಇದು. ಇನ್ನೊಂದು, ಸಂಕೇತವು ಎದುರಿನ ಗೋಡೆಗೋ ತಗಡಿಗೋ ಬಡಿದು ಸುತ್ತಿ ಬಂದರೆ ಫೋನು ಅದನ್ನೇ ನಂಬಿ ಜಾಗ ತಪ್ಪಿ ಹೇಳುತ್ತದೆ. ಇಕ್ಕಟ್ಟಿನ ಓಣಿಯಲ್ಲಿ ಆಗುವುದು ಇದೇ.

ತೆರೆದ ಆಕಾಶದ ಕೆಳಗೆ ಸಾಮಾನ್ಯ ಸ್ಮಾರ್ಟ್‌ಫೋನು 4.9 ಮೀಟರ್ ತ್ರಿಜ್ಯದ ವೃತ್ತದೊಳಗೆ ಜಾಗ ಹೇಳುತ್ತದೆ ಎಂದು ಜಿಪಿಎಸ್ ನಡೆಸುವ ಅಮೆರಿಕ ಸರ್ಕಾರವೇ ಹೇಳಿಕೊಂಡಿದೆ. ಅದೆಂದರೆ ಹದಿನಾರು ಅಡಿ. ಹೊಲದಲ್ಲಿ ಹದಿನಾರು ಅಡಿ ಯಾವ ಲೆಕ್ಕ? ಆದರೆ ಹೊಳೆದಂಡೆಯ ಊರಲ್ಲಿ ಒಂದು ಮನೆಯ ಮುಂಭಾಗವೇ ಹದಿನೈದು ಅಡಿ, ಎರಡು ಮನೆಗಳಿಗೆ ಒಂದೇ ಗೋಡೆ. ಚುಕ್ಕಿ ನೆರೆಮನೆಯ ಮೇಲೆ ಬಿದ್ದರೆ ಫೋನಿನ ತಪ್ಪೆನ್ನುವಂತಿಲ್ಲ. ಇದಕ್ಕಿಂತ ದೊಡ್ಡ ಮಾತೊಂದಿದೆ, ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ: ಚುಕ್ಕಿ ಬೀಳುವುದು ಮನೆಯ ಮೇಲಲ್ಲ, ಫೋಟೊ ಹೊಡೆದವನ ಕಾಲಬುಡದಲ್ಲಿ. ಅಜ್ಜಿಯ ಮನೆ ಸರ್ಕಾರದ ಕಡತದಲ್ಲಿ ಎದುರಿನವರ ದನದ ಕೊಟ್ಟಿಗೆಯ ಕಟ್ಟೆ ಮೇಲಿತ್ತು.

ನಮ್ಮ ರಾಜ್ಯದ್ದೇ ಒಂದು ವಿಚಿತ್ರ ನೋಡಿ. ಹೊಲಕ್ಕೆ ಸರ್ವೆ ನಂಬರು ಉಂಟು, ಹಿಸ್ಸಾ ಉಂಟು. ದಿಶಾಂಕ್ ಆ್ಯಪ್ ತೆರೆದು ಬದುವಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಆದರೆ ಮನುಷ್ಯರು ವಾಸಿಸುವ ಗ್ರಾಮಠಾಣಾ ಹಳೇ ನಕ್ಷೆಯಲ್ಲಿ ಒಂದೇ ಗುಡ್ಡೆ. ಕಂದಾಯ ಬರುವುದು ಹೊಲದಿಂದ, ಅಳೆದದ್ದೂ ಹೊಲವನ್ನೇ. ಊರೊಳಗಿನ ಮನೆಗಳನ್ನು ಡ್ರೋನ್ ಹಾರಿಸಿ ಅಳೆಯುವ ಸ್ವಾಮಿತ್ವ ಯೋಜನೆ ಶುರುವಾದದ್ದು 2020ರ ಏಪ್ರಿಲ್‌ನಲ್ಲಿ, ಅಂದರೆ ಆ ಮಹಾಪ್ರವಾಹದ ಮರುವರ್ಷ. ಮುಳುಗಿದ ಜೋಳಕ್ಕೆ ವಿಳಾಸವಿತ್ತು, ಬಿದ್ದ ಮನೆಗೆ ಇರಲಿಲ್ಲ.

ಹಾಗಂತ ಮೊಬೈಲು ಬರುವ ಮೊದಲಿನ ಪಂಚನಾಮೆಯ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಆಗ ಚಾವಡಿಯಲ್ಲಿ ಕೂತು, ಊರ ದೊಡ್ಡವರು ಹೇಳಿದ ಹೆಸರು ಬರೆದು, ಇಬ್ಬರು ಪಂಚರ ಹೆಬ್ಬೆಟ್ಟು ಒತ್ತಿಸಿದರೆ ಮುಗಿಯಿತು. ಎಂದೋ ಬಿದ್ದ ಮನೆ ಈ ಮಳೆಗೆ ಬಿತ್ತೆಂದು ದಾಖಲಾಗುತ್ತಿತ್ತು, ಇಲ್ಲದ ಮನೆಯೂ ಬೀಳುತ್ತಿತ್ತು. ಕೇರಿಯ ಕಡೆ ಹೋಗದೆಯೇ ಕೇರಿಯ ಮನೆಗಳ ಲೆಕ್ಕ ಮುಗಿಯುತ್ತಿತ್ತು. ಮೊಬೈಲು ಬಂದು ಅಧಿಕಾರಿಯನ್ನು ಆ ಓಣಿಯವರೆಗೆ ನಡೆಸಿದೆ. ಕೆಸರು ತುಳಿಯದೆ ಚುಕ್ಕಿ ಬೀಳುವುದಿಲ್ಲ. ಇದೊಂದೇ ಕಾರಣಕ್ಕೆ ಕೂಡ ನಾನು ಅದರ ಪರ.

ಜಗತ್ತು ಈ ವಿದ್ಯೆ ಕಲಿತದ್ದು ಬಡ ದೇಶಗಳ ಮೈಮೇಲೆ. 2010ರ ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ನೆಟ್ಟಗಿನ ನಕ್ಷೆಯೇ ಇರಲಿಲ್ಲ. ರಕ್ಷಣಾ ತಂಡಗಳು ವಿಮಾನದಿಂದ ಇಳಿದು, ಯಾವ ಬೀದಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ನಿಂತವು. ಉಪಗ್ರಹ ಕಂಪನಿಗಳು ಹೊಸ ಚಿತ್ರಗಳನ್ನು ಬಿಟ್ಟುಕೊಟ್ಟವು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೂರಾರು ಸ್ವಯಂಸೇವಕರು ತಮ್ಮ ಮನೆಗಳಲ್ಲೇ ಕೂತು ಬೀದಿ, ಸೇತುವೆ, ಡೇರೆಗಳನ್ನು ಗೀಚಿದರು. ಕೆಲವೇ ದಿನಗಳಲ್ಲಿ ಆ ನಕ್ಷೆ ರಕ್ಷಣಾ ತಂಡಗಳ ಕೈಯ ಜಿಪಿಎಸ್ ಉಪಕರಣಗಳೊಳಗೆ ಇತ್ತು. ಇನ್ನೊಂದು ಕಡೆ, 4636 ಎಂಬ ನಂಬರಿಗೆ ಜನ ಕಳಿಸಿದ ಎಸ್ಸೆಮ್ಮೆಸ್‌ಗಳನ್ನು ಹೊರದೇಶದಲ್ಲಿದ್ದ ಹೈಟಿಯವರೇ ತಮ್ಮ ಕ್ರಿಯೋಲ್ ಭಾಷೆಯಿಂದ ಅನುವಾದಿಸಿ ನಕ್ಷೆಗೆ ಅಂಟಿಸಿದರು. ಅದಕ್ಕೆ ಬಳಸಿದ ತಂತ್ರಾಂಶ ಕೆನ್ಯಾದ್ದು, ಹೆಸರು ಉಶಾಹಿದಿ. ಸ್ವಾಹಿಲಿಯಲ್ಲಿ ಹಾಗೆಂದರೆ ಸಾಕ್ಷ್ಯ. 2008ರಲ್ಲಿ ಅಲ್ಲಿನ ಚುನಾವಣೆಯ ನಂತರದ ಹಿಂಸೆಯನ್ನು ದಾಖಲಿಸಲು ಹುಟ್ಟಿದ್ದು ಅದು.

ದಾರಿ ತೋರಿಸುವ ಕೆಲಸ ಹೀಗೆ ದೂರದಿಂದ ಆಯಿತು. ಮನೆಯ ಹಾನಿ ಅಳೆಯುವ ಕೆಲಸ ಆಗಲಿಲ್ಲ. ಕೊನೆಗೆ ಹೈಟಿಯ ಎಂಜಿನಿಯರುಗಳೇ ಜಿಪಿಎಸ್ ಇದ್ದ ಕೈಗಣಕಗಳನ್ನು ಹಿಡಿದು ಮನೆಮನೆ ಸುತ್ತಿದರು, ಸುಮಾರು ನಾಲ್ಕು ಲಕ್ಷ ಕಟ್ಟಡ. ವಾಸಕ್ಕೆ ಯೋಗ್ಯವಾದ ಮನೆಗೆ ಹಸಿರು, ದುರಸ್ತಿ ಮಾಡಿಸಿ ಇರಬಹುದಾದ್ದಕ್ಕೆ ಹಳದಿ, ಕಾಲಿಡಬಾರದ್ದಕ್ಕೆ ಕೆಂಪು. ಗೋಡೆಯ ಮೇಲೆ ಬಣ್ಣ ಬಳಿದು ಗುರುತು ಹಾಕಿದರು. ಕೆಂಪು ಗುರುತಿನ ಮನೆಗಳಲ್ಲೂ ಜನ ಹೋಗಿ ಮಲಗಿದರು. ಡೇರೆಯಲ್ಲಿ ಎಷ್ಟು ತಿಂಗಳು ಇರುತ್ತೀರಿ?

ಮೇಲಿನಿಂದ ನೋಡಿ ಹಾನಿ ಹೇಳಲಾಗದು ಎಂಬುದಕ್ಕೆ ಒಳ್ಳೆ ಪುರಾವೆ ಸಿಕ್ಕಿದ್ದು ಫಿಲಿಪ್ಪೀನ್ಸ್‌ನಲ್ಲಿ. 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಟಾಕ್ಲೊಬಾನ್ ನಗರವನ್ನು ನೆಲಸಮ ಮಾಡಿತು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಒಂದೊಂದು ಮನೆಗೂ 'ಹಾನಿ', 'ನಾಶ' ಎಂದು ಪಟ್ಟಿ ಕಟ್ಟಿದರು. ಆಮೇಲೆ ಅಮೆರಿಕದ ರೆಡ್‌ಕ್ರಾಸ್ ಮತ್ತು ರೀಚ್ ಎಂಬ ಸಂಸ್ಥೆಯವರು ಅದೇ ಮನೆಗಳ ಮುಂದೆ ಹೋಗಿ ನಿಂತು ತಾಳೆ ನೋಡಿದರೆ, ಲೆಕ್ಕ ಎಲ್ಲೆಲ್ಲೋ ತಪ್ಪಿತ್ತು. ಆಕಾಶಕ್ಕೆ ಕಾಣುವುದು ಛಾವಣಿ. ಛಾವಣಿ ಹಾರಿದ ಮನೆ ನಾಶವಾದಂತೆ ಕಂಡು ಒಳಗೆ ಗೋಡೆ ಗಟ್ಟಿಯಾಗಿರಬಹುದು. ತಗಡು ಹಾಗೇ ಇದ್ದು ಕೆಳಗಿನ ಕಂಬಗಳೇ ಕುಸಿದಿರಬಹುದು. ಸ್ವಯಂಸೇವಕರ ಒಳ್ಳೆಯತನಕ್ಕೆ ಕಡಿಮೆಯಿರಲಿಲ್ಲ. ಒಳ್ಳೆಯತನದಿಂದ ಗೋಡೆಯ ಬಿರುಕು ಕಾಣುವುದಿಲ್ಲ, ಅಷ್ಟೇ.

ಇದನ್ನೆಲ್ಲ ಅರಗಿಸಿಕೊಂಡು ನಡೆದ ದೊಡ್ಡ ಪ್ರಯೋಗ ನೇಪಾಳದ್ದು. ಅಲ್ಲಿ ಸ್ವಲ್ಪ ನಿಲ್ಲೋಣ.

2015ರ ಏಪ್ರಿಲ್ 25, ಶನಿವಾರ, ಬೆಳಗ್ಗೆ 11 ಗಂಟೆ 56 ನಿಮಿಷ. ಶನಿವಾರ ನೇಪಾಳದಲ್ಲಿ ವಾರದ ರಜೆ. ಶಾಲೆಗಳು ಮುಚ್ಚಿದ್ದವು, ಬೆಟ್ಟದ ಊರುಗಳಲ್ಲಿ ಬಹಳ ಜನ ಹೊಲದಲ್ಲಿದ್ದರು. ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ ಹುಟ್ಟಿದ 7.8ರ ಕಂಪನಕ್ಕೆ ಕಲ್ಲು ಮತ್ತು ಮಣ್ಣಿನ ಗಾರೆಯ ಮನೆಗಳು ಊರಿಗೆ ಊರೇ ಬಿದ್ದವು. ಸತ್ತವರು ಹತ್ತಿರ ಹತ್ತಿರ ಒಂಬತ್ತು ಸಾವಿರ. ಮೇ 12ರಂದು 7.3ರ ಮತ್ತೊಂದು ಕಂಪನ. ಮೊದಲನೆಯದಕ್ಕೆ ಬಿರುಕುಬಿಟ್ಟು ನಿಂತ ಎಷ್ಟೋ ಮನೆಗಳನ್ನು ಎರಡನೆಯದು ಉರುಳಿಸಿತು. ಏಪ್ರಿಲ್ ಕೊನೆಯಲ್ಲಿ ಹೊಡೆದ ಫೋಟೊ ಮೇ ಮಧ್ಯದಲ್ಲಿ ಸುಳ್ಳಾಗಿತ್ತು. ಮಲಪ್ರಭಾ ದಂಡೆಯಲ್ಲಿ ಬಿಸಿಲು ಮಾಡಿದ್ದನ್ನು ಅಲ್ಲಿ ನೆಲವೇ ಮಾಡಿತು.

ನೇಪಾಳದ ಅದೃಷ್ಟ ಎಂದರೆ, ನಕ್ಷೆಯ ಕೆಲಸ ಭೂಕಂಪಕ್ಕೆ ಮುಂಚೆಯೇ ಶುರುವಾಗಿತ್ತು. 2012ರಿಂದಲೇ ಯುವಕರ ಒಂದು ಗುಂಪು ಕಠ್ಮಂಡು ಕಣಿವೆಯ ಶಾಲೆ, ಆಸ್ಪತ್ರೆಗಳನ್ನು ಒಂದೊಂದಾಗಿ ನೋಡಿ ನಕ್ಷೆಗೆ ಏರಿಸುತ್ತಿತ್ತು. ಅದೇ ಮುಂದೆ ನಾಮ ಬುಢಾಥೋಕಿ ಮುಂದಾಳ್ತನದ ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಆಯಿತು. ಭೂಕಂಪವಾದ ಬೆನ್ನಿಗೆ ಅವರು ಕ್ವೇಕ್‌ಮ್ಯಾಪ್ ಎಂಬ ತಾಣ ತೆರೆದು, ಎಲ್ಲಿ ಡೇರೆ ಬೇಕು, ಎಲ್ಲಿ ಅಕ್ಕಿ ಮುಗಿದಿದೆ ಎಂಬ ಬೇಡಿಕೆಗಳನ್ನು ನಕ್ಷೆಗೆ ಹಾಕಿದರು. ಪ್ರಪಂಚದ ಸಾವಿರಾರು ಮಂದಿ ಕೂತಲ್ಲೇ ಬೆಟ್ಟದ ಕಾಲುದಾರಿಗಳನ್ನು ಗುರುತಿಸಿಕೊಟ್ಟರು. ಇದು ಮೊದಲ ಅಧ್ಯಾಯ, ಚಪ್ಪಾಳೆ ಸಿಕ್ಕಿದ್ದು. ಎರಡನೆಯದಕ್ಕೆ ಚಪ್ಪಾಳೆ ಕಡಿಮೆ, ಜಗಳ ಹೆಚ್ಚು.

ಮನೆ ಕಟ್ಟಿಕೊಳ್ಳಲು ದುಡ್ಡು ಯಾರಿಗೆ ಕೊಡಬೇಕು? ಊರಿನ ಅಧಿಕಾರಿಗಳು ಮೊದಲು ತರಾತುರಿಯಲ್ಲಿ ಮಾಡಿದ ಪಟ್ಟಿಗಳ ಮೇಲೆ ಯಾರಿಗೂ ಭರವಸೆ ಉಳಿದಿರಲಿಲ್ಲ. ಅದಕ್ಕೆ 2016ರ ಆರಂಭದಲ್ಲಿ ಅಲ್ಲಿನ ಕೇಂದ್ರ ಅಂಕಿಅಂಶ ಇಲಾಖೆ ಎಂಜಿನಿಯರುಗಳ ಕೈಗೆ ಟ್ಯಾಬ್ಲೆಟ್ ಕೊಟ್ಟು, ಕಣಿವೆಯ ಹೊರಗಿನ 11 ಜಿಲ್ಲೆಗಳಿಗೆ ಕಳಿಸಿತು. ಬಸ್ಸು ನಿಲ್ಲುವ ಕಡೆಯಿಂದ ಎರಡು ದಿನ ನಡೆದರೆ ಸಿಗುವ ಊರುಗಳವು. ನೆಟ್‌ವರ್ಕ್ ಇಲ್ಲ. ತುಂಬಿದ ನಮೂನೆಗಳು ಟ್ಯಾಬ್ಲೆಟ್ಟಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ಸರ್ವರಿಗೆ ಹೋಗುತ್ತಿದ್ದವು. ಇಂಥ ಕೆಲಸಕ್ಕೆಂದೇ 2008ರ ಸುಮಾರಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಡಿಕೆ ಎಂಬ ಉಚಿತ ತಂತ್ರಾಂಶ ಮತ್ತು ಅದರ ಸಂತಾನಗಳು ಈಗ ಲೋಕದ ತುಂಬ ಇವೆ. ಆಕರ್ಷಕವಾದದ್ದೇನೂ ಅಲ್ಲ, ಒಂದಾದ ಮೇಲೊಂದು ಪ್ರಶ್ನೆ ಕೇಳುವ ಬೋಳು ತೆರೆ. ಗೋಡೆ ಯಾವುದರದ್ದು? ಎಷ್ಟು ಅಂತಸ್ತು? ಬಿರುಕು ಎಷ್ಟು ಅಗಲ?

ಒಟ್ಟು 7,62,106 ಕಟ್ಟಡಗಳ ದಾಖಲೆ ಸಿದ್ಧವಾಯಿತು. ಹಾನಿಗೆ 1ರಿಂದ 5ರವರೆಗೆ ದರ್ಜೆ. ಕೂದಲೆಳೆಯ ಬಿರುಕಿದ್ದರೆ 1, ಕುಸಿದು ರಾಶಿಯಾಗಿದ್ದರೆ 5. 5ನೇ ದರ್ಜೆಯಲ್ಲಿ 2,75,766 ಮನೆ, 1ನೆಯದರಲ್ಲಿ 78,815. ಹೆಸರುಗಳನ್ನು ತೆಗೆದು ಈ ಇಡೀ ದತ್ತಾಂಶವನ್ನು ನೇಪಾಳ ಸರ್ಕಾರ ಸಾರ್ವಜನಿಕರಿಗೆ ತೆರೆದಿಟ್ಟಿತು. ಇವತ್ತಿಗೂ ಕಂಪ್ಯೂಟರ್ ಕಲಿಯುವ ಹುಡುಗರು ಯಾವ ಮನೆ ಬೀಳುತ್ತದೆ, ಯಾವುದು ನಿಲ್ಲುತ್ತದೆ ಎಂದು ಊಹಿಸುವ ಲೆಕ್ಕಗಳನ್ನು ಇದರ ಮೇಲೆಯೇ ಅಭ್ಯಾಸ ಮಾಡುತ್ತಾರೆ. ನಮ್ಮ ಪ್ರವಾಹಗಳ ಮನೆಹಾನಿ ದತ್ತಾಂಶವೂ ಹೀಗೆ ತೆರೆದಿದ್ದರೆ ಎಂದು ನನಗೆ ಎಷ್ಟೋ ಸಲ ಹೊಟ್ಟೆಕಿಚ್ಚಾಗಿದೆ.

ಈಗ ಜಗಳದ ವಿಷಯ. ಪೂರ್ತಿ ಬಿದ್ದ ಮನೆಗೆ ಮೊದಲು 2 ಲಕ್ಷ, ಆಮೇಲೆ 3 ಲಕ್ಷ ನೇಪಾಳಿ ರೂಪಾಯಿ, ಮೂರು ಕಂತಿನಲ್ಲಿ. ದುರಸ್ತಿಗಾದರೆ 1 ಲಕ್ಷ. ಅಂದಮೇಲೆ 1ನೇ ದರ್ಜೆಯವನಿಗೂ ತಕರಾರಿಲ್ಲ, 5ನೆಯದಕ್ಕೂ ಇಲ್ಲ. ಕದನವೆಲ್ಲ ನಡುವಿನದು. ಸಾಲದ್ದಕ್ಕೆ, ಎಂಜಿನಿಯರ್ ಬರುವ ಹೊತ್ತಿಗೆ ಭೂಕಂಪವಾಗಿ ಒಂಬತ್ತು ತಿಂಗಳಾಗಿತ್ತು. ಎಷ್ಟೋ ಜನ ಕಲ್ಲು ಮರ ಆರಿಸಿಕೊಂಡು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಬಿದ್ದ ಮನೆಯನ್ನು ಹಾಗೇ ಕಾದಿರಿಸಿದವನಿಗೆ ಅಳತೆ ಸುಲಭ. ಮೈಮುರಿದು ದುಡಿದು ಜಾಗ ಚೊಕ್ಕ ಮಾಡಿದವನು ತನ್ನ ಮನೆ ಬಿದ್ದದ್ದನ್ನು ಬಾಯಲ್ಲಿ ಹೇಳಬೇಕು.

ಇನ್ನು ಮನೆ ಎಂದರೆ ಯಾವುದು ಎಂಬ ಪ್ರಶ್ನೆ. ಕಣಿವೆಯ ನೇವಾರರಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಹಿರಿಯರ ಮನೆಯನ್ನು ಮೇಲಿಂದ ಕೆಳಕ್ಕೆ ಹಲಸಿನಹಣ್ಣು ಸೀಳಿದಂತೆ ಸೀಳಿಕೊಳ್ಳುವ ಪದ್ಧತಿಯಿದೆ. ಒಬ್ಬೊಬ್ಬನಿಗೆ ನಾಲ್ಕು ಅಂತಸ್ತಿನ ಒಂದೊಂದು ಪಟ್ಟಿ, ಕೆಲವು ಕಡೆ ತೋಳು ಚಾಚಿದರೆ ಎರಡೂ ಗೋಡೆ ತಾಗುವಷ್ಟು ಇಕ್ಕಟ್ಟು. ಐದು ಮೀಟರಿನ ವೃತ್ತದೊಳಗೆ ಮೂವರು ಅಣ್ಣತಮ್ಮಂದಿರ ಮನೆಗಳು ಆರಾಮಾಗಿ ಕೂರುತ್ತವೆ. ಬೆಟ್ಟದ ಕಡೆ ಇನ್ನೊಂದು ಬಗೆ: ಒಂದೇ ಮನೆಯಲ್ಲಿ ಎರಡು ಒಲೆ, ಎರಡು ಸಂಸಾರ, ಲಾಲ್‌ಪುರ್ಜಾ ಎನ್ನುವ ಹಕ್ಕುಪತ್ರ ತೀರಿಹೋದ ಅಪ್ಪನ ಹೆಸರಲ್ಲಿ. ಬಾಡಿಗೆಗೆ ಇದ್ದವರಂತೂ ಲೆಕ್ಕಕ್ಕೇ ಇಲ್ಲ, ಚುಕ್ಕಿ ಬೀಳುವುದು ಮಾಲೀಕನ ಹೆಸರಿಗೆ. ಎರಡು ಲಕ್ಷಕ್ಕೂ ಮೀರಿ ತಕರಾರು ಅರ್ಜಿಗಳು ಬಂದವು. ಅವುಗಳಲ್ಲಿ ಬಹಳಷ್ಟನ್ನು ಮತ್ತೆ ಪರಿಶೀಲಿಸಿ ಹೆಸರು ಸೇರಿಸಬೇಕಾಯಿತು. ಕೆಲವರು ಇದನ್ನು ಟ್ಯಾಬ್ಲೆಟ್ ಸಮೀಕ್ಷೆಯ ಸೋಲೆನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ತಕರಾರು ಹೂಡಲು ಎದುರಿಗೆ ಒಂದು ದಾಖಲೆಯಾದರೂ ಇತ್ತು. ಚಾವಡಿಯ ಪಟ್ಟಿಯ ಮೇಲೆ ಯಾರು ತಕರಾರು ಹೂಡುತ್ತಿದ್ದರು?

ಹಾನಿಯಾದ ವಸ್ತುವೇ ಉಳಿಯದಿದ್ದಾಗ ಮಾತ್ರ ಈ ಉಪಾಯಗಳೆಲ್ಲ ಕೈಕಟ್ಟಿ ನಿಲ್ಲುತ್ತವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿಗೆ ಬಿದ್ದಾಗ, ಒಂದು ಲಾರಿಯ ಜಿಪಿಎಸ್ ತೋರಿಸಿದ ಕೊನೆಯ ಜಾಗವನ್ನು ಹಿಡಿದು ಮೊದಮೊದಲು ರಸ್ತೆಯ ಮೇಲಿನ ಮಣ್ಣನ್ನು ಅಗೆದರು. ಲಾರಿ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಹೊಳೆಯ ತಳದಲ್ಲಿ. ಚುಕ್ಕಿ ಸುಳ್ಳು ಹೇಳಿರಲಿಲ್ಲ, ಗುಡ್ಡ ಬರುವ ತನಕ ಲಾರಿ ಎಲ್ಲಿತ್ತೋ ಅದನ್ನಷ್ಟೇ ಹೇಳಿತ್ತು. ಎರಡು ವಾರದ ನಂತರ, ಜುಲೈ 30ರಂದು, ಗುಡ್ಡ ಜಾರಿದ್ದು ವಯನಾಡಿನ ಮುಂಡಕೈ, ಚೂರಲ್‌ಮಲ. ಇಸ್ರೊದ ರಿಮೋಟ್ ಸೆನ್ಸಿಂಗ್ ಕೇಂದ್ರ ಮರುದಿನದ ರೇಡಾರ್ ಚಿತ್ರವನ್ನು ಹಿಂದಿನ ವರ್ಷದ ಮೇ ತಿಂಗಳ ಚಿತ್ರದ ಪಕ್ಕ ಇಟ್ಟು ತೋರಿಸಿತು: 1,550 ಮೀಟರ್ ಎತ್ತರದಲ್ಲಿ 86,000 ಚದರ ಮೀಟರ್ ನೆಲ ಕಿತ್ತು, ಸುಮಾರು 8 ಕಿ.ಮೀ. ಹರಿದಿತ್ತು. ಮೋಡ ಕವಿದ ಮಳೆಗಾಲದಲ್ಲಿ ಕ್ಯಾಮೆರಾಗೆ ಕಾಣದ್ದು ರೇಡಾರಿಗೆ ಕಾಣುತ್ತದೆ. ಆದರೆ ಬಂಡೆಗಳ ಆ ಹರಿವಿನ ಮೇಲೆ ನಿಂತು ಯಾವುದರ ಫೋಟೊ ಹೊಡೆಯುವುದು? ಅಲ್ಲಿ ಬೇಕಾಗುವುದು ನಿನ್ನೆಯ ನಕ್ಷೆ, ಮತ್ತು ಬದುಕುಳಿದ ನೆರೆಯವನ ನೆನಪು.

ನಿನ್ನೆಯ ನಕ್ಷೆ ಇಟ್ಟುಕೊಳ್ಳುವ ವಿಷಯದಲ್ಲಿ ಬೆಳೆಗೆ ಸಿಕ್ಕ ಭಾಗ್ಯ ಮನೆಗೆ ಸಿಕ್ಕಿಲ್ಲ. ನಮ್ಮ ರೈತರು 2020ರಿಂದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದೊಳಗೆ ನಿಂತು ತಾವೇ ಫೋಟೊ ಏರಿಸುತ್ತಾರೆ. ಏನು ಬಿತ್ತಿದ್ದೆಂದು ದಾಖಲಾದ ಮೇಲೆ ಮಳೆ ಬಂದರೆ, ಅಳಿದ ಬೆಳೆಗೆ ಹಿಂದಿನ ಫೋಟೊ ಸಾಕ್ಷಿ. ತಪ್ಪು ಬೆಳೆ ನಮೂದಾಗಿದ್ದರೆ ನೋಡಿ ಆಕ್ಷೇಪಿಸಲೂ ದಾರಿಯಿದೆ. ಗಟ್ಟಿಯಾಗಿದ್ದಾಗಿನ ಮನೆಯ ಫೋಟೊ ಮಾತ್ರ ಹೀಗೆ ವರ್ಷವರ್ಷವೂ ಸರ್ಕಾರದ ಬಳಿ ಸೇರುವುದಿಲ್ಲ. ಎಷ್ಟೋ ಮನೆಗಳು ಸರ್ಕಾರಕ್ಕೆ ಮೊದಲ ಸಲ ಕಾಣಿಸುವುದೇ ಬಿದ್ದ ದಿನ.

ಶೇಕಡಾವಾರು ಎಂಬುದು ಇನ್ನೊಂದು ಮಾಯೆ. 2019ರಲ್ಲಿ ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ 'ಎ', 5 ಲಕ್ಷ ರೂಪಾಯಿ. ಶೇ 15ರಿಂದ 25ರವರೆಗೆ 'ಸಿ', 50 ಸಾವಿರ. ನಡುವಿನದೆಲ್ಲ 'ಬಿ', ಅದರ ಮೊತ್ತ ನಡುನಡುವೆ ಬದಲಾಯಿತು. ಕೇಂದ್ರದ ವಿಪತ್ತು ನಿಧಿಯ ಲೆಕ್ಕದಲ್ಲೂ ಶೇ 15 ಹಾನಿ ದಾಟದ ಮನೆಗೆ ಏನೂ ಇಲ್ಲ, ಶೇ 33 ದಾಟದ ಬೆಳೆಗೆ ಏನೂ ಇಲ್ಲ. ಫೋನು ಅಕ್ಷಾಂಶವನ್ನು ದಶಮಾಂಶದ ನಂತರ ಆರು ಸ್ಥಾನದವರೆಗೆ ಬರೆಯುತ್ತದೆ. ಅದರ ಪಕ್ಕದ ಖಾನೆಯಲ್ಲಿ 'ಶೇ 24' ಎಂದು ಬರೆಯುವುದು ಊಟವಿಲ್ಲದೆ ಮೂವತ್ತು ಮನೆ ಸುತ್ತಿದ ಹುಡುಗನ ಕಣ್ಣಳತೆ. ಎರಡೂ ಅಂಕಿಗಳು ಒಂದೇ ತೆರೆಯ ಮೇಲೆ ಒಂದೇ ಅಕ್ಷರದಲ್ಲಿ ಕಾಣುವುದರಿಂದ, ಮೇಲಿನ ಕಚೇರಿಯಲ್ಲಿ ಕೂತವರಿಗೆ ಎರಡೂ ಒಂದೇ ತೂಕದ ಸತ್ಯವಾಗಿ ಕಾಣುತ್ತವೆ. ಆ ಹುಡುಗನಿಗಿದು ಗೊತ್ತಿತ್ತು. 'ಗೋಡೆ ತೊಯ್ದಿದೆ, ಬೀಳಬಹುದು' ಎಂದು ಬರೆಯಲು ಖಾನೆ ಇಲ್ಲವೆಂದು ಅವತ್ತೇ ನನ್ನ ಬಳಿ ಗೊಣಗಿದ್ದ.

ಅಜ್ಜಿಯ ಮೊಮ್ಮಗ ಬಿದ್ದ ಮನೆಯ ಹತ್ತಾರು ಫೋಟೊ ಹೊಡೆದಿಟ್ಟಿದ್ದ. ಅವನ ಫೋನಿನ ಲೊಕೇಶನ್ ಆಫ್ ಇತ್ತು, ಫೋಟೊಗಳಲ್ಲಿ ಅಕ್ಷಾಂಶ ರೇಖಾಂಶ ಇರಲಿಲ್ಲ, ಹಾಗಾಗಿ ಅವು ಕೆಲಸಕ್ಕೆ ಬರಲಿಲ್ಲ. ಅರ್ಜಿ ಕೊಟ್ಟು, ತಿರುಗಿ, ಮತ್ತೆ ಅರ್ಜಿ ಕೊಟ್ಟು, ಮರುಸಮೀಕ್ಷೆಗೆ ದಿನ ಗೊತ್ತಾದಾಗ ದೀಪಾವಳಿ ಕಳೆದಿತ್ತು. ಅದೇ ಹುಡುಗ ಬಂದ. ಕೆಸರು ಒಣಗಿ ಬೂದಿಬಣ್ಣದ ಹೆಕ್ಕಳೆಯಾಗಿತ್ತು. ಈ ಸಲ ನೇರವಾಗಿ ಅಜ್ಜಿಯ ಹೊಸ್ತಿಲ ಮುಂದೆ ಹೋಗಿ ನಿಂತು ಆ್ಯಪ್ ತೆರೆದ. ಅದು ಒಪ್ಪಲಿಲ್ಲ. ಮೊದಲಿನ ಚುಕ್ಕಿಯ ಹತ್ತಿರ ಹೋಗಬೇಕಂತೆ.

ಫೋನು ಎದೆಗೆ ಹಿಡಿದುಕೊಂಡು ಹುಡುಗ ಓಣಿಯಲ್ಲಿ ಮೇಲೆ ಕೆಳಗೆ ನಡೆದಾಡಿದ. ಅಂಕಿ ಇಳಿಯಿತು, ಏರಿತು. ಹುಡುಕುತ್ತಾ ಹುಡುಕುತ್ತಾ ಎದುರಿನವರ ಕೊಟ್ಟಿಗೆಗೆ ಬಂದ. ಕಟ್ಟೆಯ ಮೇಲೆ ಆ ಹೊತ್ತಿಗೆ ಹೊಸ ಎಮ್ಮೆ ಕಟ್ಟಿದ್ದರು. ಎಮ್ಮೆಯ ಬೆನ್ನಿನಾಚೆ ಫೋನು ಎತ್ತಿ ಹಿಡಿದು ನಿಂತ. ಅಜ್ಜಿ ಮಣ್ಣುಗುಡ್ಡೆಯ ಪಕ್ಕದಿಂದ ಇದನ್ನೆಲ್ಲ ನೋಡುತ್ತಿದ್ದಳು.

"ಮನಿ ಬಿದ್ದದ್ದು ಇಲ್ಲಿ, ತಮ್ಮಾ. ಅಲ್ಲೇನ್ ಹುಡಕ್ತಿ?"

"ಬಂತ್ರಿ ಆಯಿ, ಬಂತು, ಒಂದ್ ನಿಮಿಷ" ಅಂದ. ಎಮ್ಮೆ ತಲೆ ಕೊಡವಿತು. ಅಂಕಿ ಆರು ಮೀಟರಿಗೆ ಇಳಿದಿತ್ತು.